ಶಾಲಾ ಮಕ್ಕಳಲ್ಲಿ ಪೀಡನೆ, ಹಿಂಸೆ ಮತ್ತು ಮಾದಕ ವ್ಯಸನ ತಡೆ: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಗ್ರಾಮ ಪಂಚಾಯಿತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಅವಗಾಹನೆಗಾಗಿ

ಪ್ರತಿ ವರ್ಷ ಮೇ 31ರಂದು ವಿಶ್ವ ತಂಬಾಕು ರಹಿತ ದಿನವನ್ನೂ, ಜೂನ್ 26ರಂದು ಮಾದಕ ವಸ್ತುಗಳ ದುರ್ಬಳಕೆ ಮತ್ತು ಅಕ್ರಮ ಸಾಗಾಣಿಕೆ ವಿರೋಧಿ ದಿನವನ್ನೂ ಆಚರಿಸಲಾಗುತ್ತದೆ. ಮಕ್ಕಳು ಫಲಕ ಹಿಡಿದು ಜಾಥಾ ಹೊರಡುತ್ತಾರೆ, ಪ್ರತಿಜ್ಞಾವಿಧಿ ಸ್ವೀಕರಿಸುತ್ತಾರೆ, ಆಹ್ವಾನಿತರು ಭಾಷಣ ಮಾಡುತ್ತಾರೆ, ಛಾಯಾಚಿತ್ರಗಳು ಇಲಾಖೆಯ ವಾಟ್ಸ್‌ಆಪ್ ಗುಂಪಿಗೆ ಹೋಗುತ್ತವೆ. ಜಾಥಾ ಸಾಗುವ ಅದೇ ಬೀದಿಯ ಪೆಟ್ಟಿಗೆ ಅಂಗಡಿಯಲ್ಲಿ ಪಾನ್ ಮಸಾಲಾ ಸರಗಳು ತೂಗುತ್ತಿರುತ್ತವೆ. ಮರುದಿನ ಎಲ್ಲವೂ ಎಂದಿನಂತೆಯೇ ಇರುತ್ತದೆ.

ಇಂತಹ ಆಚರಣೆಗಳನ್ನು ಹೀಗಳೆಯುವುದು ಈ ಲೇಖನದ ಉದ್ದೇಶವಲ್ಲ. ಮಕ್ಕಳ ನಡುವಿನ ಪೀಡನೆ, ಹೊಡೆದಾಟ ಹಾಗೂ ವ್ಯಸನಗಳನ್ನು ನಿಜವಾಗಿಯೂ ಕಡಿಮೆ ಮಾಡುವುದು ಯಾವುದು ಎಂಬ ಪ್ರಶ್ನೆಯನ್ನು ಜಗತ್ತಿನ ಹಲವೆಡೆ, ನಮ್ಮ ದೇಶದಲ್ಲಿಯೂ, ಪರೀಕ್ಷಿಸಿ ನೋಡಲಾಗಿದೆ. ಆ ಪರೀಕ್ಷೆಗಳ ಸಾರವನ್ನು ಸದಸ್ಯರ ಮುಂದಿಡುವುದು ಇಲ್ಲಿನ ಉದ್ದೇಶ. ಒಂದು ದಿನದ ಉಪದೇಶದಿಂದ ಆಗುವ ಪ್ರಯೋಜನ ಅತ್ಯಲ್ಪ. ದಿನನಿತ್ಯ ನಡೆಯುವ ಒಂದು ವ್ಯವಸ್ಥೆ, ಮಗುವಿನ ಮಾತು ಕೇಳಲು ಗೊತ್ತುಪಡಿಸಿದ ಒಬ್ಬ ವ್ಯಕ್ತಿ, ಕಣ್ಗಾವಲಿರುವ ಪರಿಸರ ಇವುಗಳಿಂದ ಫಲ ದೊರೆತಿದೆ. ಈ ವ್ಯವಸ್ಥೆಯ ಗಣನೀಯ ಭಾಗವು ಶಾಲೆಯ ಆವರಣದ ಹೊರಗೆ, ಅಂದರೆ ಗ್ರಾಮ ಪಂಚಾಯಿತಿಯ ಕಾರ್ಯವ್ಯಾಪ್ತಿಯಲ್ಲಿದೆ. "ಶಾಲೆ ಶಿಕ್ಷಣ ಇಲಾಖೆಯದು, ನಮಗೇನು ಕೆಲಸ" ಎಂಬ ಮಾತು ನಮ್ಮ ಸಭೆಗಳಲ್ಲಿ ಆಗಾಗ ಕೇಳಿಬರುವುದರಿಂದ ಇದನ್ನು ಮೊದಲಿಗೇ ಹೇಳಬೇಕಾಯಿತು.

ತಮಾಷೆ ಯಾವುದು, ಪೀಡನೆ ಯಾವುದು

ಇಂಗ್ಲಿಷಿನಲ್ಲಿ ಬುಲ್ಲಿಯಿಂಗ್ ಎನ್ನುವುದಕ್ಕೆ ಕನ್ನಡದಲ್ಲಿ ರೂಢಿಗೆ ಬಂದ ಒಂದೇ ಪದವಿಲ್ಲ. ಗೇಲಿ, ಚುಡಾಯಿಸುವುದು, ಹೆದರಿಸುವುದು, ಕಾಟ ಕೊಡುವುದು ಎಲ್ಲವೂ ಅದರೊಳಗೆ ಸೇರುತ್ತವೆ. ಈ ಲೇಖನದಲ್ಲಿ 'ಪೀಡನೆ' ಎಂದು ಕರೆದಿದೆ. ಈ ವಿಷಯದ ವೈಜ್ಞಾನಿಕ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರಾದ ಡಾನ್ ಓಲ್ವೇಯಸ್ ಅವರು ಮೂರು ಲಕ್ಷಣಗಳನ್ನು ಗುರುತಿಸಿದರು. ನೋಯಿಸುವ ಉದ್ದೇಶವಿರಬೇಕು. ಅದು ಮತ್ತೆ ಮತ್ತೆ ನಡೆಯಬೇಕು. ನೋಯಿಸುವವರಿಗೂ ನೋಯುವವರಿಗೂ ಬಲದಲ್ಲಿ ಅಂತರವಿರಬೇಕು. ಸಮಬಲದ ಇಬ್ಬರು ಹುಡುಗರು ಕಬಡ್ಡಿ ಅಂಕಣದಲ್ಲಿ ಜಗಳವಾಡಿ ಸಂಜೆಗೆ ಒಂದಾದರೆ ಅದು ಜಗಳ. ಒಂಬತ್ತನೆಯ ತರಗತಿಯ ನಾಲ್ವರು ಸೇರಿ ಆರನೆಯ ತರಗತಿಯ ಒಬ್ಬನ ಸೈಕಲ್ಲಿನ ಗಾಳಿಯನ್ನು ದಿನವೂ ತೆಗೆದರೆ ಅದು ಪೀಡನೆ.

ಬಲವೆಂದರೆ ತೋಳ್ಬಲ ಮಾತ್ರವಲ್ಲ. ನಮ್ಮ ಹಳ್ಳಿಗಳಲ್ಲಿ ಅದು ಜಾತಿಯ ಬಲವಾಗಿರಬಹುದು, ಊರಿನ ದೊಡ್ಡ ಮನೆತನದ ಬಲವಾಗಿರಬಹುದು, ಮೊಬೈಲ್ ಇರುವವನ ಬಲವಾಗಿರಬಹುದು. ಬಿಸಿಯೂಟದ ಸಾಲಿನಲ್ಲಿ ಒಂದು ಮಗುವಿನ ಪಕ್ಕ ಕೂರಲು ಉಳಿದವರು ಒಪ್ಪದಿರುವುದು, ತೊದಲುವ ಮಗುವನ್ನು ಅದೇ ಹೆಸರಿನಿಂದ ಕರೆಯುವುದು, ಹಾಸ್ಟೆಲ್ಲಿನಲ್ಲಿ ಕಿರಿಯರಿಂದ ಬಟ್ಟೆ ಒಗೆಸುವುದು, ಬಾಲಕಿಯ ಚಿತ್ರವನ್ನು ತಿರುಚಿ ಗುಂಪಿನಲ್ಲಿ ಹಂಚುವುದು, ಇವೆಲ್ಲವೂ "ಮಕ್ಕಳಾಟ" ಎಂದು ತಳ್ಳಿಹಾಕಬಹುದಾದ ಸಂಗತಿಗಳಲ್ಲ. ಜಾತಿಯ ಹೆಸರು ಹಿಡಿದು ಹಂಗಿಸುವುದನ್ನಂತೂ ತಮಾಷೆಯೆಂದು ಯಾವ ಸದಸ್ಯರೂ ಸಮರ್ಥಿಸಬಾರದು. ದೂರು ಕೊಡಲಾರದ ಮಗು ಶಾಲೆ ಬಿಡುತ್ತದೆ. ಹಾಜರಾತಿ ಪುಸ್ತಕದಲ್ಲಿ ಅದು 'ದೀರ್ಘ ಗೈರುಹಾಜರಿ' ಎಂದು ದಾಖಲಾಗುತ್ತದೆ. ಮನೆಯವರನ್ನು ಕೇಳಿದರೆ ಅಜ್ಜಿಯ ಊರಿಗೆ ಹೋಗಿದ್ದಾನೆ ಎಂಬ ಉತ್ತರ ಬರುತ್ತದೆ. ಶಾಲೆ ಬಿಟ್ಟ ಮಕ್ಕಳ ಸಮೀಕ್ಷೆಗೆ ಹೋಗುವ ಸದಸ್ಯರು ಈ ಕಾರಣವನ್ನೂ ಮನಸ್ಸಿನಲ್ಲಿಟ್ಟುಕೊಂಡು, ಸಾಧ್ಯವಾದರೆ ಮಗುವನ್ನೇ ಮಾತನಾಡಿಸಬೇಕು.

ನಾರ್ವೆ ದೇಶದಲ್ಲಿ 1982ರ ಕೊನೆಯಲ್ಲಿ ಸಹಪಾಠಿಗಳ ಪೀಡನೆಗೆ ಒಳಗಾಗಿದ್ದ ಮೂವರು ಬಾಲಕರು ಪ್ರಾಣ ಕಳೆದುಕೊಂಡರು. ಮರುವರ್ಷ ಅಲ್ಲಿನ ಸರ್ಕಾರ ರಾಷ್ಟ್ರವ್ಯಾಪಿ ಅಭಿಯಾನ ಕೈಗೊಂಡಿತು. ಅದರ ಭಾಗವಾಗಿ ಓಲ್ವೇಯಸ್ ಅವರು ಬರ್ಗೆನ್ ನಗರದ 42 ಶಾಲೆಗಳ ಸುಮಾರು 2,500 ವಿದ್ಯಾರ್ಥಿಗಳನ್ನು ಎರಡೂವರೆ ವರ್ಷ ಗಮನಿಸಿದರು. ಪೀಡನೆಯ ಪ್ರಕರಣಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ಅಲ್ಲಿ ಮಾಡಿದ್ದು ವಿಶೇಷ ಖರ್ಚಿನ ಕೆಲಸವೇನಲ್ಲ. ಮೊದಲು ಹೆಸರು ಬರೆಯಿಸದೆ ಮಕ್ಕಳಿಂದ ಪ್ರಶ್ನಾವಳಿ ತುಂಬಿಸಿಕೊಂಡರು. ವಿರಾಮದ ವೇಳೆ ಮೈದಾನದಲ್ಲಿ ಹಿರಿಯರು ನಿಂತು ನೋಡಿಕೊಳ್ಳುವ ಸರದಿ ಗೊತ್ತುಮಾಡಿದರು. ಪೀಡನೆಯ ವಿರುದ್ಧ ಕೆಲವೇ ನಿಯಮಗಳನ್ನು ತರಗತಿಯಲ್ಲೇ ಚರ್ಚಿಸಿ ಒಪ್ಪಿಕೊಂಡರು. ಘಟನೆ ನಡೆದಾಗ ಎರಡೂ ಮಕ್ಕಳ ಪೋಷಕರನ್ನು ಕರೆದು ಮಾತನಾಡಿದರು. ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯ ರೂಪಿಸಿ 2009ರಿಂದ ದೇಶಾದ್ಯಂತ ಹರಡಿದ 'ಕಿವಾ' ಕಾರ್ಯಕ್ರಮ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸುತ್ತ ನಿಂತು ನೋಡುವ ಮಕ್ಕಳ ಕಡೆ ಗಮನ ಹರಿಸಿತು. ನಗುವವರು ನಗುವುದನ್ನು ನಿಲ್ಲಿಸಿದರೆ ಪೀಡಿಸುವವನಿಗೆ ಸಭೆ ಇರುವುದಿಲ್ಲ.

ಪೊಲೀಸ್ ಅಧಿಕಾರಿಯ ಪಾಠ ಏಕೆ ಸಾಲದು

ವ್ಯಸನ ತಡೆಯ ವಿಷಯದಲ್ಲಿ ಇದಕ್ಕೆ ವಿರುದ್ಧವಾದ ಅನುಭವವೂ ಉಂಟು. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ 1983ರಲ್ಲಿ 'ಡೇರ್' ಎಂಬ ಕಾರ್ಯಕ್ರಮ ಆರಂಭವಾಯಿತು. ಸಮವಸ್ತ್ರ ಧರಿಸಿದ ಪೊಲೀಸ್ ಅಧಿಕಾರಿ ತರಗತಿಗೆ ಬಂದು ಮಾದಕ ವಸ್ತುಗಳ ಅಪಾಯವನ್ನು ಬೋಧಿಸುತ್ತಿದ್ದರು. ಪೋಷಕರು ಮೆಚ್ಚಿದರು, ರಾಜಕಾರಣಿಗಳು ಮೆಚ್ಚಿದರು, ಕಾರ್ಯಕ್ರಮ ಆ ದೇಶದ ಬಹುಪಾಲು ಶಾಲಾ ಜಿಲ್ಲೆಗಳಿಗೆ ಹಬ್ಬಿತು. ಆದರೆ 1990ರ ದಶಕದಲ್ಲಿ ಸಂಶೋಧಕರು ಪಾಠ ಕೇಳಿದ ಮಕ್ಕಳನ್ನೂ ಕೇಳದ ಮಕ್ಕಳನ್ನೂ ಹೋಲಿಸಿದಾಗ ಮಾದಕ ವಸ್ತು ಬಳಕೆಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಂಡುಬರಲಿಲ್ಲ. ಮುಂದೆ ಆ ಸಂಸ್ಥೆಯೇ ತನ್ನ ಪಠ್ಯವನ್ನು ಬದಲಿಸಿಕೊಂಡಿತು.

ನಮ್ಮಲ್ಲಿಯೂ ಕ್ಯಾನ್ಸರ್ ಪೀಡಿತ ಬಾಯಿಯ ಚಿತ್ರ ತೋರಿಸಿ ಹೆದರಿಸುವುದೇ ಜಾಗೃತಿ ಎಂಬ ಭಾವನೆ ಇದೆ. ಹದಿಮೂರು ವರ್ಷದ ಹುಡುಗನಿಗೆ ನಲವತ್ತನೆಯ ವಯಸ್ಸಿನ ಕಾಯಿಲೆ ಬಹಳ ದೂರದ ಮಾತು. ಸ್ನೇಹಿತನು ಕೈಗಿತ್ತ ಪುಡಿಕೆಯನ್ನು ಮುಖ ಕೆಡಿಸಿಕೊಳ್ಳದೆ ನಿರಾಕರಿಸುವುದು ಹೇಗೆ ಎಂಬುದು ಆ ಕ್ಷಣದ ಪ್ರಶ್ನೆ. ಹೇಗೆ ನಿರಾಕರಿಸಬೇಕೆಂಬುದನ್ನು ಕಲಿಸುವ ಕ್ರಮಕ್ಕೆ ಜೀವನ ಕೌಶಲ ಶಿಕ್ಷಣವೆಂದು ಹೆಸರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಪ್ರೌಢಶಾಲೆಗಳಿಗಾಗಿ ಇಂತಹ ಒಂದು ಕಾರ್ಯಕ್ರಮ ರೂಪಿಸಿ, ಶಿಕ್ಷಕರಿಗೆ ತರಬೇತಿ ನೀಡಿ, 605 ವಿದ್ಯಾರ್ಥಿಗಳನ್ನು ಕಾರ್ಯಕ್ರಮವಿಲ್ಲದ 423 ವಿದ್ಯಾರ್ಥಿಗಳೊಂದಿಗೆ ಹೋಲಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಆತ್ಮಗೌರವ, ಕಷ್ಟವನ್ನು ಎದುರಿಸುವ ಸಾಮರ್ಥ್ಯ, ಶಿಕ್ಷಕರೊಂದಿಗಿನ ಹೊಂದಾಣಿಕೆ ಇವು ಉತ್ತಮಗೊಂಡಿದ್ದವು. ಆದರೆ ಮನೆಯಲ್ಲಿ ಹಾಗೂ ಓರಗೆಯವರೊಂದಿಗೆ ಹೊಂದಿಕೊಳ್ಳುವುದರಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ತರಗತಿಯ ಪಾಠವು ಮಗುವನ್ನು ಬಲಪಡಿಸುತ್ತದೆ, ಆದರೆ ಮಕ್ಕಳ ನಡುವಿನ ಸಂಬಂಧವನ್ನು ತಿದ್ದಲು ಪಾಠವೊಂದೇ ಸಾಲದು ಎಂದು ನಾನು ಇದನ್ನು ಅರ್ಥೈಸಿಕೊಂಡಿದ್ದೇನೆ.

ನಳಂದ ಜಿಲ್ಲೆಯ 74 ಶಾಲೆಗಳು

ನಮ್ಮ ಪರಿಸ್ಥಿತಿಗೆ ಅತ್ಯಂತ ಹತ್ತಿರವಾದ ಪುರಾವೆ ಬಿಹಾರದಿಂದ ಬಂದಿದೆ. ನಾರ್ವೆಯ ಶಾಲೆ ನಮಗೆ ಮಾದರಿಯಾಗಲಾರದು ಎನ್ನುವ ಸದಸ್ಯರಿಗೂ ನಳಂದ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯನ್ನು ಪರಕೀಯವೆನ್ನಲಾಗದು.

ಅಲ್ಲಿ 'ಸೆಹೆರ್' ಎಂಬ ಕಾರ್ಯಕ್ರಮವನ್ನು ಸಂಗಾತ್ ಎಂಬ ಸ್ವಯಂಸೇವಾ ಸಂಸ್ಥೆಯು 74 ಶಾಲೆಗಳಲ್ಲಿ ಪರೀಕ್ಷಿಸಿತು. ಶಾಲೆಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪುಗಳಾಗಿ ವಿಂಗಡಿಸಲಾಯಿತು. ಮೊದಲ ಗುಂಪಿನ ಪ್ರತಿ ಶಾಲೆಗೂ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರನ್ನು ನೀಡಲಾಯಿತು. ಅವರು ಮನೋವೈದ್ಯರಲ್ಲ, ಸಾಮಾನ್ಯ ಪದವೀಧರರು. ಅವರನ್ನು 'ಸೆಹೆರ್ ಮಿತ್ರ' ಎಂದು ಕರೆಯಲಾಯಿತು. ಎರಡನೆಯ ಗುಂಪಿನಲ್ಲಿ ಅದೇ ತರಬೇತಿಯನ್ನು ಆಯಾ ಶಾಲೆಯ ಒಬ್ಬ ಶಿಕ್ಷಕರಿಗೆ ನೀಡಿ ಅದೇ ಕೆಲಸ ವಹಿಸಲಾಯಿತು. ಮೂರನೆಯ ಗುಂಪಿನಲ್ಲಿ ಈ ಹೊಸ ಕಾರ್ಯಕ್ರಮವಿರಲಿಲ್ಲ.

ಮಾಡಬೇಕಾದ ಕೆಲಸಗಳು ಸರಳವಾಗಿದ್ದವು. ತಿಂಗಳಿಗೊಂದು ವಿಷಯದ ಮೇಲೆ ಗೋಡೆ ಪತ್ರಿಕೆ. ಮಕ್ಕಳು ತಮ್ಮ ದೂರು, ಪ್ರಶ್ನೆ, ಸಲಹೆಗಳನ್ನು ಹಾಕಲು ಒಂದು ಪೆಟ್ಟಿಗೆ, ಅದರಲ್ಲಿ ಬಂದ ಮಾತುಗಳಿಗೆ ಉತ್ತರ. ಬೆಳಗಿನ ಪ್ರಾರ್ಥನೆಯ ವೇಳೆ ಕಿರು ಮಾತುಕತೆ. ಶಿಕ್ಷಕರು, ಪೋಷಕರು, ಮಕ್ಕಳು ಸೇರಿದ ಶಾಲಾ ಸಮಿತಿ. ಸಮಸ್ಯೆಯಲ್ಲಿರುವ ಮಗುವಿನೊಂದಿಗೆ ಪ್ರತ್ಯೇಕವಾಗಿ ಕುಳಿತು ಮಾತನಾಡುವ ಅವಕಾಶ.

ಫಲಿತಾಂಶವು 2018ರಲ್ಲಿ 'ದಿ ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಪ್ತಸಮಾಲೋಚಕರಿದ್ದ ಶಾಲೆಗಳಲ್ಲಿ ಒಂಬತ್ತನೆಯ ತರಗತಿಯ ಮಕ್ಕಳ ನಡುವಿನ ಪೀಡನೆ ಕಡಿಮೆಯಾಗಿತ್ತು, ಹಿಂಸೆಗೆ ಒಳಗಾಗುವುದೂ ಹಿಂಸೆ ಮಾಡುವುದೂ ಕಡಿಮೆಯಾಗಿತ್ತು, ಖಿನ್ನತೆಯ ಲಕ್ಷಣಗಳು ಇಳಿದಿದ್ದವು, ಶಾಲೆಯ ಒಟ್ಟಾರೆ ವಾತಾವರಣ ಸುಧಾರಿಸಿತ್ತು. ಎರಡನೆಯ ವರ್ಷ ಮುಂದುವರಿಸಿದಾಗ ಪರಿಣಾಮ ಇನ್ನೂ ಹೆಚ್ಚಾಯಿತು. ಅದೇ ಕಾರ್ಯಕ್ರಮವನ್ನು ಶಿಕ್ಷಕರು ನಡೆಸಿದ ಶಾಲೆಗಳಲ್ಲಿ ಮಾತ್ರ, ಕಾರ್ಯಕ್ರಮವೇ ಇಲ್ಲದ ಶಾಲೆಗಳಿಗಿಂತ ಭಿನ್ನವಾದ ಫಲ ಕಾಣಲಿಲ್ಲ.

ಈ ಕೊನೆಯ ಅಂಶವನ್ನು ಶಿಕ್ಷಕರ ಮೇಲಿನ ಆರೋಪವಾಗಿ ಓದಬಾರದು. ಪಾಠ, ಪರೀಕ್ಷೆ, ಬಿಸಿಯೂಟದ ಲೆಕ್ಕ, ಚುನಾವಣಾ ಕರ್ತವ್ಯ, ಗಣತಿ, ಆನ್‌ಲೈನ್ ದಾಖಲೆಗಳ ನಡುವೆ ಇರುವ ಶಿಕ್ಷಕರಿಗೆ ಮತ್ತೊಂದು ಹೊಣೆ ಸೇರಿಸಿದರೆ ಅದು ಕಡತದಲ್ಲಷ್ಟೇ ನಡೆಯುತ್ತದೆ. ಅದಲ್ಲದೆ, ಅಂಕ ನೀಡುವವರ ಹಾಗೂ ಶಿಕ್ಷಿಸುವವರ ಬಳಿ ಮಗು ತನ್ನ ಗುಟ್ಟನ್ನು ಬಿಚ್ಚಿಡುವುದು ಕಷ್ಟ. ಆಯುಷ್ಮಾನ್ ಭಾರತ್ ಅಡಿಯಲ್ಲಿ 2020ರಲ್ಲಿ ಆರಂಭವಾದ ಶಾಲಾ ಆರೋಗ್ಯ ಮತ್ತು ಕ್ಷೇಮ ಕಾರ್ಯಕ್ರಮದಲ್ಲಿಯೂ ಪ್ರತಿ ಶಾಲೆಯ ಇಬ್ಬರು ಶಿಕ್ಷಕರನ್ನು, ಸಾಧ್ಯವಾದಲ್ಲಿ ಒಬ್ಬ ಪುರುಷ ಹಾಗೂ ಒಬ್ಬ ಮಹಿಳೆಯನ್ನು, ಆರೋಗ್ಯ ರಾಯಭಾರಿಗಳೆಂದು ಗೊತ್ತುಪಡಿಸಲಾಗುತ್ತದೆ. ಅದರ ಹನ್ನೊಂದು ವಿಷಯಗಳಲ್ಲಿ ಮಾದಕ ವಸ್ತು ದುರ್ಬಳಕೆ ತಡೆ, ಹಿಂಸೆಯಿಂದ ರಕ್ಷಣೆ, ಸುರಕ್ಷಿತ ಅಂತರ್ಜಾಲ ಬಳಕೆ ಇವು ಸೇರಿವೆ. ವಾರಕ್ಕೊಂದು ಅವಧಿ ಇದಕ್ಕೆ ಮೀಸಲು. ತಮ್ಮ ಊರಿನ ಶಾಲೆಯಲ್ಲಿ ಆ ಇಬ್ಬರು ಯಾರು, ಆ ಅವಧಿ ನಿಜವಾಗಿ ನಡೆಯುತ್ತಿದೆಯೇ, ಅಥವಾ ಗಣಿತದ ಪಾಠಕ್ಕೆ ಹೋಗುತ್ತಿದೆಯೇ ಎಂದು ಸದಸ್ಯರು ಮುಖ್ಯ ಶಿಕ್ಷಕರನ್ನು ಸೌಜನ್ಯದಿಂದಲೇ ವಿಚಾರಿಸಬಹುದು.

ಪ್ರತಿ ಶಾಲೆಗೂ ಆಪ್ತಸಮಾಲೋಚಕರ ಹುದ್ದೆ ಸೃಷ್ಟಿಸುವುದು ಗ್ರಾಮ ಪಂಚಾಯಿತಿಯ ಕೈಯಲ್ಲಿಲ್ಲ. ಆದರೆ ನಳಂದದ ಅನುಭವದಿಂದ ಎರಡು ಸಂಗತಿಗಳನ್ನು ನಾವು ಇಂದೇ ಎತ್ತಿಕೊಳ್ಳಬಹುದು.

ಒಂದು, ಪೆಟ್ಟಿಗೆ. ಬಹಳಷ್ಟು ಶಾಲೆಗಳಲ್ಲಿ ಸಲಹಾ ಪೆಟ್ಟಿಗೆ ಈಗಾಗಲೇ ಇದೆ. ಅದರ ಬೀಗದ ಕೈ ಎಲ್ಲಿದೆ ಎಂಬುದು ಪ್ರಶ್ನೆ. ಮುಖ್ಯ ಶಿಕ್ಷಕರ ಕೊಠಡಿಯ ಎದುರಿಗೆ, ಎಲ್ಲರ ಕಣ್ಣಿಗೆ ಬೀಳುವಂತೆ ತೂಗುಹಾಕಿದ ಪೆಟ್ಟಿಗೆಗೆ ಯಾವ ಮಗುವೂ ಚೀಟಿ ಹಾಕುವುದಿಲ್ಲ. ಅದು ನೀರಿನ ನಲ್ಲಿಯ ಬಳಿಯೋ ಗ್ರಂಥಾಲಯದ ಬಾಗಿಲ ಬಳಿಯೋ ಇರಲಿ. ತಿಂಗಳಿಗೆರಡು ನಿಗದಿತ ದಿನ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಒಬ್ಬ ತಾಯಿ, ಒಬ್ಬ ಶಿಕ್ಷಕಿ ಮತ್ತು ಆಶಾ ಕಾರ್ಯಕರ್ತೆ ಸೇರಿ ತೆರೆಯಲಿ. ಬಂದ ಚೀಟಿಗಳ ಸಂಖ್ಯೆ ಹಾಗೂ ಕೈಗೊಂಡ ಕ್ರಮವನ್ನು, ಹೆಸರುಗಳಿಲ್ಲದೆ, ಒಂದು ವಹಿಯಲ್ಲಿ ಬರೆಯಲಿ. ಮಕ್ಕಳಿಗೆ ಪ್ರಾರ್ಥನೆಯ ವೇಳೆ "ಕಳೆದ ಬಾರಿ ಇಂತಹ ಮೂರು ವಿಷಯಗಳು ಬಂದಿದ್ದವು, ಹೀಗೆ ಮಾಡಿದ್ದೇವೆ" ಎಂದು ತಿಳಿಸಿದರೆ ನಾಲ್ಕನೆಯ ಚೀಟಿ ಬರುತ್ತದೆ.

ಎರಡು, ಮಗು ನಂಬಬಹುದಾದ, ಅಂಕ ನೀಡದ ಹಿರಿಯರು. ನಮ್ಮ ಅರಿವು ಕೇಂದ್ರಗಳ ಮೇಲ್ವಿಚಾರಕರು ಈ ಪಾತ್ರಕ್ಕೆ ಹೊಂದುತ್ತಾರೆಂದು ನನ್ನ ಅಭಿಪ್ರಾಯ. ಮಕ್ಕಳು ಸ್ವಇಚ್ಛೆಯಿಂದ ಹೋಗುವ ಜಾಗ ಅದು. ಅವರಿಗೆ ಸಮಾಲೋಚಕರ ಕೆಲಸ ವಹಿಸಬೇಕೆಂದಲ್ಲ. ಮಗುವೊಂದು ಮಂಕಾಗಿದೆ, ಪದೇ ಪದೇ ಮೈಮೇಲೆ ಗಾಯವಿದೆ, ಮನೆಗೆ ಹೋಗಲು ಹೆದರುತ್ತಿದೆ ಎಂಬುದನ್ನು ಗಮನಿಸಿ ಯಾರಿಗೆ ತಿಳಿಸಬೇಕೆಂಬುದನ್ನು ಅವರಿಗೆ ಕಲಿಸಿದರೆ ಸಾಕು. ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಸ್ನೇಹಾ ಕ್ಲಿನಿಕ್‌ಗಳಿವೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರ ಸೇವೆ ಲಭ್ಯ. ಈ ಮಾಹಿತಿ ಪಂಚಾಯಿತಿಯ ಸೂಚನಾ ಫಲಕಕ್ಕಿಂತ ಅರಿವು ಕೇಂದ್ರದ ಗೋಡೆಯ ಮೇಲಿದ್ದರೆ ಹೆಚ್ಚು ಉಪಯುಕ್ತ.

ಕಾಂಪೌಂಡಿನ ಹೊರಗಿನ ನೂರು ಮೀಟರ್

ಭಾರತದ ವಿದ್ಯಾರ್ಥಿಗಳ ಕುರಿತ 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯಂತೆ 13ರಿಂದ 15 ವರ್ಷದವರಲ್ಲಿ ಶೇ. 8.5ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಹೊಗೆರಹಿತ ತಂಬಾಕು ಬಳಸುವವರಲ್ಲಿ ಶೇ. 52ರಷ್ಟು ಮಂದಿ ಹತ್ತು ವರ್ಷ ತುಂಬುವ ಮೊದಲೇ ಆರಂಭಿಸಿದ್ದರು. ಹತ್ತು ವರ್ಷವೆಂದರೆ ನಾಲ್ಕನೆಯ ಅಥವಾ ಐದನೆಯ ತರಗತಿ. ಪ್ರೌಢಶಾಲೆಯಲ್ಲಿ ಜಾಗೃತಿ ಆರಂಭಿಸಿದರೆ ತಡವಾಗಿರುತ್ತದೆ.

ಕಾನೂನು ಸ್ಪಷ್ಟವಾಗಿದೆ. 2003ರ ಸಿಗರೇಟ್ ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯಿದೆ, ಅಂದರೆ ಕೋಟ್ಪಾ, 6ನೆಯ ಪ್ರಕರಣದಲ್ಲಿ 18 ವರ್ಷದೊಳಗಿನವರಿಗೆ ಮಾರಾಟವನ್ನೂ ಶಿಕ್ಷಣ ಸಂಸ್ಥೆಗಳಿಂದ ನೂರು ಗಜದೊಳಗೆ ಮಾರಾಟವನ್ನೂ ನಿಷೇಧಿಸಿತ್ತು. ರಾಷ್ಟ್ರಪತಿಗಳ ಅಂಕಿತ ಪಡೆದು 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ವಯೋಮಿತಿಯನ್ನು 21ಕ್ಕೆ ಏರಿಸಿ, ಅಂತರವನ್ನು ನೂರು ಮೀಟರ್ ಎಂದು ನಿಗದಿಪಡಿಸಿ, ಬಿಡಿ ಸಿಗರೇಟ್ ಮಾರಾಟವನ್ನೂ ನಿಷೇಧಿಸಿ, ದಂಡವನ್ನು 200 ರೂಪಾಯಿಗಳಿಂದ 1,000 ರೂಪಾಯಿಗಳಿಗೆ ಹೆಚ್ಚಿಸಿದೆ. ಗುಟ್ಕಾ ರಾಜ್ಯದಲ್ಲಿ 2013ರಿಂದಲೇ ನಿಷಿದ್ಧ. ಪಾನ್ ಮಸಾಲಾ ಒಂದು ಪುಡಿಕೆ, ತಂಬಾಕು ಇನ್ನೊಂದು ಪುಡಿಕೆ ಎಂದು ಬೇರ್ಪಡಿಸಿ ಜೋಡಿಯಾಗಿ ಮಾರುವ ಜಾಣತನ ಎಲ್ಲರಿಗೂ ತಿಳಿದದ್ದೇ.

ಅಂಗಡಿಯವರು ಈ ದಂಡವನ್ನಷ್ಟೇ ಲೆಕ್ಕ ಹಾಕುತ್ತಾರೆ. 2015ರ ಬಾಲನ್ಯಾಯ ಕಾಯಿದೆಯ 77ನೆಯ ಪ್ರಕರಣವನ್ನು ಅವರಿಗೆ ಯಾರೂ ಓದಿ ಹೇಳಿರುವುದಿಲ್ಲ. ವೈದ್ಯರ ಸಲಹೆಯ ಹೊರತು 18 ವರ್ಷದೊಳಗಿನ ಮಗುವಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ನೀಡಿದರೆ ಏಳು ವರ್ಷದವರೆಗೆ ಕಠಿಣ ಸೆರೆವಾಸ ಹಾಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಮಗುವನ್ನು ಸಾಗಣೆಗೆ ಅಥವಾ ಮಾರಾಟಕ್ಕೆ ಬಳಸಿದರೂ, 78ನೆಯ ಪ್ರಕರಣದಂತೆ, ಅಷ್ಟೇ ಶಿಕ್ಷೆ. "ಅಪ್ಪ ಹೇಳಿ ಕಳುಹಿಸಿದ್ದಾನೆ" ಎಂದು ಬೀಡಿ ಕಟ್ಟು ತರಲು ಬರುವ ಬಾಲಕನಿಗೆ ಮಾರುವುದೂ ಕಾನೂನುಬಾಹಿರವೇ. ಊರಿನ ಈ ರೂಢಿಯನ್ನು ಬಿಡಿಸುವುದು ಗಾಂಜಾ ಹಿಡಿಸುವುದಕ್ಕಿಂತ ಕಷ್ಟ ಎಂದು ನನಗೆ ಹಲವು ಬಾರಿ ಅನ್ನಿಸಿದೆ.

ಅಂತರ ಅಳೆಯುವ ವಿಷಯದಲ್ಲಿ ಒಂದು ತಾಂತ್ರಿಕ ಸೂಚನೆ. ನಿಯಮಗಳಂತೆ ಅಂತರವನ್ನು ಶಾಲೆಯ ಗೇಟಿನಿಂದ ರಸ್ತೆಯ ಉದ್ದಕ್ಕೆ ಅಳೆಯುವಂತಿಲ್ಲ. ಕಾಂಪೌಂಡಿನ ಅಥವಾ ಬೇಲಿಯ ಹೊರ ಅಂಚಿನಿಂದ ಎಲ್ಲ ದಿಕ್ಕುಗಳಿಗೂ ನೇರವಾಗಿ, ತ್ರಿಜ್ಯದಂತೆ ಅಳೆಯಬೇಕು. ರಸ್ತೆಯಲ್ಲಿ ನಡೆದರೆ ನೂರೈವತ್ತು ಮೀಟರ್ ಆಗುವ ಅಂಗಡಿಯು ಹಿಂಬದಿಯ ಗೋಡೆಯಿಂದ ನೇರವಾಗಿ ಅರವತ್ತೇ ಮೀಟರ್ ಇರಬಹುದು. ನನ್ನ ಕಾರ್ಯವ್ಯಾಪ್ತಿಯ ಒಂದು ಪ್ರೌಢಶಾಲೆಯ ಸುತ್ತ ಹೀಗೆ ಟೇಪು ಹಿಡಿದು ಅಳೆದಾಗ, ವ್ಯಾಪ್ತಿಯ ಹೊರಗಿವೆ ಎಂದು ಎಲ್ಲರೂ ನಂಬಿದ್ದ ಎರಡು ಅಂಗಡಿಗಳು ಒಳಗೆ ಬಂದವು. ಒಬ್ಬ ಅಂಗಡಿಯವರು "ಸ್ವಾಮಿ, ನಾನೊಬ್ಬ ನಿಲ್ಲಿಸಿದರೆ ಪಕ್ಕದವನು ಮಾರುತ್ತಾನೆ, ನನ್ನ ಸಂಸಾರ ಏನಾಗಬೇಕು" ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಒಬ್ಬರಿಗೆ ನೋಟಿಸು ಕೊಟ್ಟು ಇನ್ನೊಬ್ಬರನ್ನು ಬಿಟ್ಟರೆ ಕ್ರಮ ಉಳಿಯುವುದಿಲ್ಲ. ಆದ್ದರಿಂದ ವ್ಯಾಪ್ತಿಯೊಳಗಿನ ಎಲ್ಲ ಅಂಗಡಿಗಳಿಗೂ ಒಂದೇ ದಿನ ತಿಳಿವಳಿಕೆ ಪತ್ರ ನೀಡಿ, ದಾಸ್ತಾನು ತೆರವುಗೊಳಿಸಲು ಕಾಲಾವಕಾಶ ಕೊಟ್ಟು, ರಸ್ತೆಯ ಮೇಲೆ ಹಳದಿ ಗೆರೆ ಎಳೆಸಲಾಯಿತು. ಅಂಗಡಿ ಸದಸ್ಯರೊಬ್ಬರ ಸಂಬಂಧಿಕರದ್ದಾಗಿರುವ ಸಂದರ್ಭಗಳೂ ಉಂಟು. ಸದಸ್ಯರು ತಾವೇ ಮುಂದಾಗಿ ಮೊದಲ ಪತ್ರವನ್ನು ಆ ಅಂಗಡಿಗೆ ತಲುಪಿಸಿದರೆ ಉಳಿದವರ ಬಾಯಿ ತಾನಾಗಿ ಮುಚ್ಚುತ್ತದೆ.

ಅಂಗಡಿಗಳ ಪರವಾನಗಿ ನೀಡುವಾಗ ಹಾಗೂ ನವೀಕರಿಸುವಾಗ ತಂಬಾಕು ಮಾರಾಟದ ಈ ನಿರ್ಬಂಧವನ್ನು ಷರತ್ತಾಗಿ ನಮೂದಿಸುವುದು ಪಂಚಾಯಿತಿಗೆ ಸುಲಭ. ಕಿರಾಣಿ ಅಂಗಡಿಗಳಲ್ಲಿ ಅಕ್ರಮವಾಗಿ ಮದ್ಯ ಮಾರುವ ದೂರುಗಳು ಬಂದಲ್ಲಿ ಅಬಕಾರಿ ಇಲಾಖೆಗೆ ಹಾಗೂ ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬೇಕು. ಬಾಯಿಮಾತಿನ ದೂರಿಗೆ ದಾಖಲೆಯಿಲ್ಲ.

ಗಾಂಜಾ ಎಂಬ ಪದಕ್ಕೆ ಎಲ್ಲರೂ ಬೆಚ್ಚುತ್ತಾರೆ, ಆದರೆ ಅಂಟು, ಥಿನ್ನರ್, ವೈಟ್‌ನರ್, ಪಂಕ್ಚರ್ ಹಾಕುವ ಸೊಲ್ಯೂಷನ್‌ಗಳನ್ನು ಮೂಸುವ ಚಟ ಯಾರ ಕಣ್ಣಿಗೂ ಬೀಳುವುದಿಲ್ಲ. ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯು ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಿಗಿಂತ ಮಕ್ಕಳಲ್ಲೇ ಹೆಚ್ಚಾಗಿ ಕಂಡುಬಂದ ವ್ಯಸನವೆಂದರೆ ಇದೊಂದೇ. ಮಕ್ಕಳು ಹಾಗೂ ಹದಿಹರೆಯದವರಲ್ಲಿ ಶೇ. 1.17, ವಯಸ್ಕರಲ್ಲಿ ಶೇ. 0.58. ಚಿಕಿತ್ಸೆಯ ನೆರವು ಅಗತ್ಯವಿರುವ ಮಕ್ಕಳ ಸಂಖ್ಯೆಯನ್ನು 4.6 ಲಕ್ಷವೆಂದು ಅಂದಾಜಿಸಲಾಯಿತು. ಈ ವಸ್ತುಗಳಲ್ಲಿರುವ ಟಾಲ್ವೀನ್‌ನಂತಹ ದ್ರಾವಕಗಳು ನೇರವಾಗಿ ಮಿದುಳು ಹಾಗೂ ಹೃದಯದ ಮೇಲೆ ಪರಿಣಾಮ ಬೀರುತ್ತವೆ. ಇವು ಪಂಕ್ಚರ್ ಅಂಗಡಿಯಲ್ಲೂ ಸ್ಟೇಷನರಿ ಅಂಗಡಿಯಲ್ಲೂ ಸಿಗುವ ನಿತ್ಯೋಪಯೋಗಿ ಸಾಮಗ್ರಿಗಳಾದುದರಿಂದ ನಿಷೇಧದ ಮಾತು ಉಪಯೋಗವಿಲ್ಲ. ಅಂಗಡಿಯವರಿಗೆ ತಿಳಿಸಿ, ಕಾರಣವಿಲ್ಲದೆ ಪದೇ ಪದೇ ಕೊಳ್ಳಲು ಬರುವ ಮಕ್ಕಳ ಬಗ್ಗೆ ಎಚ್ಚರವಹಿಸುವಂತೆ ಕೋರುವುದೇ ದಾರಿ.

ಸಂಜೆಯ ಹೊತ್ತಿನ ಪ್ರಶ್ನೆಯೂ ಇದೆ. ಐಸ್‌ಲೆಂಡ್ ದೇಶದಲ್ಲಿ 1998ರಲ್ಲಿ 15ರಿಂದ 16 ವರ್ಷದವರ ಪೈಕಿ ಶೇ. 42ರಷ್ಟು ಮಂದಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿದ್ದವರು. 2016ರ ಹೊತ್ತಿಗೆ ಅದು ಶೇ. 5ಕ್ಕೆ ಇಳಿದಿತ್ತು. ಅಲ್ಲಿ ಮಕ್ಕಳಿಗೆ ಕ್ರೀಡೆ, ಸಂಗೀತಗಳಿಗೆ ಅವಕಾಶ ಹೆಚ್ಚಿಸಿ, ಪೋಷಕರು ಮಕ್ಕಳೊಂದಿಗೆ ಕಳೆಯುವ ಸಮಯಕ್ಕೆ ಒತ್ತು ನೀಡಿ, ಪ್ರತಿ ಊರಿನ ಅಂಕಿಅಂಶಗಳನ್ನು ಆ ಊರಿನವರ ಮುಂದೆಯೇ ಇಟ್ಟರು. ಅಷ್ಟು ಹಣ ನಮ್ಮಲ್ಲಿಲ್ಲ. ಆದರೆ ನರೇಗಾ ಅಡಿಯಲ್ಲಿ ನಿರ್ಮಿಸಿದ ಆಟದ ಮೈದಾನದಲ್ಲಿ ಸಂಜೆ ಆಟವಾಡುವವರು ಯಾರು, ಇಸ್ಪೀಟು ಆಡುವವರು ಯಾರು ಎಂಬುದನ್ನು ನೋಡಲು ಹಣ ಬೇಕಿಲ್ಲ.

ಮಕ್ಕಳ ಗ್ರಾಮಸಭೆಯಲ್ಲಿ ಬರುವ ಬೇಡಿಕೆಗಳನ್ನೂ ಈ ದೃಷ್ಟಿಯಿಂದ ಓದಬೇಕು. ಬಾಲಕಿಯೊಬ್ಬಳು "ಬಸ್ ನಿಲ್ದಾಣದ ತಿರುವಿನಲ್ಲಿ ಬೀದಿದೀಪ ಬೇಕು" ಎಂದರೆ ನಾವು ಅದನ್ನು ವಿದ್ಯುತ್ ಕಾಮಗಾರಿಯ ಪಟ್ಟಿಗೆ ಸೇರಿಸುತ್ತೇವೆ. ಆ ತಿರುವಿನಲ್ಲಿ ಯಾರು ನಿಲ್ಲುತ್ತಾರೆ ಎಂದು ಕೇಳುವುದಿಲ್ಲ. "ಶೌಚಾಲಯಕ್ಕೆ ಚಿಲಕ ಬೇಕು" ಎಂಬುದು ಚಿಲಕದ ಬೇಡಿಕೆ ಮಾತ್ರವಾಗಿರಲಾರದು. ಸಭೆ ಮುಗಿದ ಮೇಲೆ ಮಹಿಳಾ ಸದಸ್ಯರೊಬ್ಬರು ಆ ಮಕ್ಕಳೊಂದಿಗೆ ಐದು ನಿಮಿಷ ಪ್ರತ್ಯೇಕವಾಗಿ ಮಾತನಾಡಿದರೆ ನಿಜವಾದ ವಿಷಯ ತಿಳಿಯುತ್ತದೆ. ದೀಪವನ್ನಂತೂ ಹಾಕಿಸಲೇಬೇಕು.

ರಾಜಿ ಪಂಚಾಯಿತಿಗೆ ಅವಕಾಶವಿಲ್ಲದ ವಿಷಯಗಳು

ಹಿರಿಯರು ಕುಳಿತು ಜಗಳ ಬಗೆಹರಿಸುವುದು ನಮ್ಮ ಊರುಗಳ ಒಳ್ಳೆಯ ಸಂಪ್ರದಾಯ. ಮಕ್ಕಳ ಸಾಮಾನ್ಯ ಜಗಳಗಳಲ್ಲಿ ಅದು ನಡೆಯಲಿ. ಆದರೆ ಲೈಂಗಿಕ ಸ್ವರೂಪದ ಕಿರುಕುಳದ ಸುಳಿವು ಇದ್ದಲ್ಲಿ ರಾಜಿಗೆ ಅವಕಾಶವೇ ಇಲ್ಲ. 2012ರ ಪೋಕ್ಸೋ ಕಾಯಿದೆಯ 19ನೆಯ ಪ್ರಕರಣದಂತೆ ವಿಷಯ ತಿಳಿದ ಯಾವುದೇ ವ್ಯಕ್ತಿಯು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೆಯ ಪ್ರಕರಣದಡಿ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ. ಎರಡೂ ಮನೆಯವರು ಒಪ್ಪಿದ್ದಾರೆ, ಹುಡುಗಿಯ ಮರ್ಯಾದೆಯ ಪ್ರಶ್ನೆ ಎಂಬ ಸಮಜಾಯಿಷಿ ಸದಸ್ಯರನ್ನು ರಕ್ಷಿಸುವುದಿಲ್ಲ, ಮಗುವನ್ನಂತೂ ಮೊದಲೇ ರಕ್ಷಿಸುವುದಿಲ್ಲ.

ಮಗುವಿನ ಹೆಸರು, ತಂದೆಯ ಹೆಸರು, ಶಾಲೆ, ಛಾಯಾಚಿತ್ರ ಯಾವುದೂ ಬಹಿರಂಗವಾಗಬಾರದು. ಬಾಲನ್ಯಾಯ ಕಾಯಿದೆಯ 74ನೆಯ ಪ್ರಕರಣವು ಸಂತ್ರಸ್ತ ಮಗುವಿಗೂ, ಆರೋಪಕ್ಕೊಳಗಾದ ಮಗುವಿಗೂ ಇದನ್ನು ಅನ್ವಯಿಸುತ್ತದೆ. ಆದುದರಿಂದ ಸಭೆಯ ನಡಾವಳಿ ಪುಸ್ತಕದಲ್ಲಿ "ಒಬ್ಬ ವಿದ್ಯಾರ್ಥಿ" ಎಂದಷ್ಟೇ ಬರೆಯಬೇಕು. ಗುಂಪುಗಳಲ್ಲಿ ವಿಡಿಯೋ ಹಂಚುವ ಸದಸ್ಯರಿಗೂ ಇದು ಅನ್ವಯ.

ತಂಬಾಕು ಅಥವಾ ಗಾಂಜಾದೊಂದಿಗೆ ಸಿಕ್ಕಿಬಿದ್ದ ವಿದ್ಯಾರ್ಥಿಗೆ ವರ್ಗಾವಣೆ ಪತ್ರ ಕೊಟ್ಟು ಕಳುಹಿಸಿಬಿಡಿ ಎಂಬ ಒತ್ತಡ ಊರಿನಿಂದಲೇ ಬರುತ್ತದೆ. ಶಿಕ್ಷಣ ಹಕ್ಕು ಕಾಯಿದೆಯ 16ನೆಯ ಪ್ರಕರಣದಂತೆ ಎಂಟನೆಯ ತರಗತಿಯವರೆಗಿನ ಶಿಕ್ಷಣ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಕಾನೂನು ಬದಿಗಿರಲಿ, ಹೊರಹಾಕಿದ ಹುಡುಗ ಎಲ್ಲಿಗೆ ಹೋಗುತ್ತಾನೆ? ಅವನಿಗೆ ಆ ಪುಡಿಕೆ ಕೊಟ್ಟವರ ಬಳಿಗೆ. ಅವನನ್ನು ಶಾಲೆಯಲ್ಲೇ ಉಳಿಸಿಕೊಂಡು, ಪುಡಿಕೆ ಕೊಟ್ಟವರ ಹೆಸರನ್ನು ಪೊಲೀಸರಿಗೆ ನೀಡುವುದು ಸರಿಯಾದ ಕ್ರಮ.

ಹೊಡೆಯುವ ಶಿಕ್ಷಕರ ಬಗೆಗೂ ಒಂದು ಮಾತು. ಬೆತ್ತದಿಂದ ಆಳುವ ತರಗತಿಯಲ್ಲಿ ಬಲಿಷ್ಠನು ದುರ್ಬಲನನ್ನು ಹೊಡೆಯಬಹುದು ಎಂಬ ಪಾಠವೇ ಮೊದಲ ಪಾಠ. ಅದೇ ಕಾಯಿದೆಯ 17ನೆಯ ಪ್ರಕರಣ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. "ನಾವೂ ಏಟು ತಿಂದೇ ಬುದ್ಧಿವಂತರಾದೆವು" ಎನ್ನುವ ಪೋಷಕರು ಪ್ರತಿ ಸಭೆಯಲ್ಲೂ ಇರುತ್ತಾರೆ. ಏಟಿನ ಕಾರಣಕ್ಕೇ ಶಾಲೆ ಬಿಟ್ಟವರು ಆ ಸಭೆಗೆ ಬರುವುದಿಲ್ಲ.

ಮಗುವಿನ ಹಕ್ಕಿಗೆ ಸಂಬಂಧಿಸಿದ ಯಾವುದೇ ಕುಂದುಕೊರತೆಯನ್ನು 32ನೆಯ ಪ್ರಕರಣದಂತೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತವಾಗಿ ಸಲ್ಲಿಸಬಹುದು. ಕಾಯಿದೆಯ ವ್ಯಾಖ್ಯೆಯಲ್ಲಿ ಪಂಚಾಯಿತಿಯೂ ಸ್ಥಳೀಯ ಪ್ರಾಧಿಕಾರವೇ. ಸಂಬಂಧಪಟ್ಟವರಿಗೆ ಅಹವಾಲು ಹೇಳಿಕೊಳ್ಳಲು ಅವಕಾಶ ನೀಡಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ತೃಪ್ತರಾಗದವರು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಇಂತಹ ದೂರುಗಳಿಗೆ ಪಂಚಾಯಿತಿ ಕಚೇರಿಯಲ್ಲಿ ಪ್ರತ್ಯೇಕ ವಹಿ ತೆರೆದು, ಕ್ರಮಸಂಖ್ಯೆಯೊಂದಿಗೆ ಸ್ವೀಕೃತಿ ನೀಡತಕ್ಕದ್ದು.

ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಲು ಅನುಕೂಲವಾಗುವಂತೆ ನಿರ್ಣಯದ ಮಾದರಿ: "ಪಂಚಾಯಿತಿ ವ್ಯಾಪ್ತಿಯ ಎಲ್ಲ ಶಾಲೆಗಳ ಹೊರ ಅಂಚಿನಿಂದ ನೂರು ಮೀಟರ್ ವ್ಯಾಪ್ತಿಯನ್ನು ಅಳತೆ ಮಾಡಿ ಗುರುತಿಸುವುದು, ಆ ವ್ಯಾಪ್ತಿಯ ಎಲ್ಲ ಅಂಗಡಿಗಳಿಗೆ ಏಕಕಾಲದಲ್ಲಿ ತಿಳಿವಳಿಕೆ ಪತ್ರ ನೀಡುವುದು, ಶಾಲೆಗಳ ಸಲಹಾ ಪೆಟ್ಟಿಗೆಗಳನ್ನು ತಿಂಗಳಿಗೆ ಎರಡು ಬಾರಿ ತೆರೆಯುವ ದಿನ ಹಾಗೂ ಜವಾಬ್ದಾರರನ್ನು ಗೊತ್ತುಪಡಿಸುವುದು, ಮಕ್ಕಳ ಗ್ರಾಮಸಭೆಯ ಹಿಂದಿನ ವರ್ಷದ ಬೇಡಿಕೆಗಳ ಅನುಪಾಲನಾ ವರದಿಯನ್ನು ಮಂಡಿಸುವುದು."

ತುರ್ತು ಸಂದರ್ಭಗಳಲ್ಲಿ ಮಕ್ಕಳ ಸಹಾಯವಾಣಿ 1098, ಪೊಲೀಸ್ ಹಾಗೂ ಇತರ ತುರ್ತು ಸೇವೆ 112, ಮಾನಸಿಕ ಆರೋಗ್ಯ ಸಲಹೆಗಾಗಿ ಟೆಲಿ ಮನಸ್ 14416, ವ್ಯಸನಮುಕ್ತಿಗೆ ರಾಷ್ಟ್ರೀಯ ಸಹಾಯವಾಣಿ 14446. ಇವನ್ನು ಶಾಲೆಯ ಗೋಡೆಯ ಮೇಲೆ ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆಯಿಸುವುದು. 1098ಕ್ಕೆ ಮಗು ತಾನೇ ಕರೆ ಮಾಡಬಹುದು, ಕರೆಗೆ ಶುಲ್ಕವಿಲ್ಲ.